ಬಸವನಹುಳು ಕೊಂಬನ್ನು ಒಳಗೆಳೆದುಕೊಳ್ಳುವುದು ಯಾಕೆ

ಭೂಮಿ ಇನ್ನೂ ಒದ್ದೆಯಾಗಿದ್ದ ಕಾಲ ಅದು. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಸಮುದ್ರ ಯಾವ ಕಡೆ ಇದೆ ಎಂಬುದು ಹೊಳೆಗೆ ಆಗಷ್ಟೇ ಗೊತ್ತಾಗಿತ್ತು. ಗೊತ್ತಾದ ಸಂತೋಷಕ್ಕೆ ಅದು ದಿನವೆಲ್ಲ ಮಾತಾಡುತ್ತಿತ್ತು. ಗಾಳಿ ಮಾತಾಡುತ್ತಿತ್ತು. ಮರ ಮಾತಾಡುತ್ತಿತ್ತು. ಚಿಪ್ಪಿನೊಳಗೆ ಬದುಕುವವರೂ ಮಾತಾಡುತ್ತಿದ್ದರು.

ಆ ಹೊಳೆ ಸಮುದ್ರ ಸೇರುವ ಕಡೆ, ಎರಡು ಕವಲುಗಳ ನಡುವೆ, ಒಂದು ಕುದ್ರು ಇತ್ತು. ಕುದ್ರು ಎಂದರೆ ನಾಲ್ಕೂ ಕಡೆ ಹೊಳೆಯ ನೀರಿರುವ ಪುಟ್ಟ ನೆಲ. ಅದರ ಮಧ್ಯೆ ಒಂದು ಸುರಹೊನ್ನೆ ಮರ. ಆ ಮರದ ಎಲೆಗಳ ಅಡಿಯಲ್ಲಿ ಬಸವನಹುಳುಗಳು ಸಂಸಾರ ಹೂಡಿದ್ದವು.

ಅವು ಚಿಕ್ಕ ಬಸವನಹುಳುಗಳು, ನಿನ್ನ ಕಿರುಬೆರಳಿನ ಉಗುರಿಗಿಂತ ತುಸು ದೊಡ್ಡವು. ಚಿಪ್ಪಿನ ಮೇಲೆ ಒಂದು ಹಳದಿ ಪಟ್ಟಿ, ಒಂದು ಕಂದು ಪಟ್ಟಿ, ಮತ್ತೆ ಒಂದು ಹಳದಿ ಪಟ್ಟಿ. ಅವು ಎಲೆಯನ್ನು ಕಚ್ಚುತ್ತಿರಲಿಲ್ಲ. ಎಲೆಯ ಮೇಲೆ ಕೂತ ಪಾಚಿಯನ್ನು ಮಾತ್ರ ನೆಕ್ಕಿ ತೆಗೆಯುತ್ತಿದ್ದವು. ಅವು ನೆಕ್ಕಿದ ಎಲೆ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

"ನೀವು ಇರುವುದರಿಂದ ನನಗೆ ಮೈ ತುರಿಸುವುದಿಲ್ಲ" ಎಂದು ಮರ ಹೇಳುತ್ತಿತ್ತು.

ಆ ಮರಕ್ಕೆಲ್ಲ ಹಿರಿಯಳು ಮುಕ್ತಕ್ಕ. ಅವಳ ಚಿಪ್ಪಿನ ಪಟ್ಟಿಗಳು ಮಾಸಿದ್ದವು, ಆದರೆ ಕೊಂಬುಗಳು ಸದಾ ನೆಟ್ಟಗೆ. ಕೊಂಬಿನ ತುದಿಯಲ್ಲಿದ್ದ ಅವಳ ಕಣ್ಣುಗಳಿಗೆ ಕಾಣದ ತಪ್ಪಿರಲಿಲ್ಲ. ಬಸವನಹುಳು ನಡೆದಲ್ಲೆಲ್ಲ ಲೋಳೆಯ ಗೆರೆ ಬೀಳುತ್ತದೆಯಲ್ಲ, ಅದು ಒಣಗಿದರೆ ಬೆಳ್ಳಿಯ ಹಾಗೆ ಮಿನುಗುತ್ತದೆ. ಮನೆಗೆ ಯಾರಾದರೂ ಬರುವ ದಿನ ಮರದ ಬಸವನಹುಳುಗಳು ಆ ಬೆಳ್ಳಿಗೆರೆಯನ್ನು ತಮ್ಮ ತಮ್ಮ ಎಲೆಯಿಂದ ಕಾಂಡದವರೆಗೆ ಎಳೆದಿಡುತ್ತಿದ್ದವು, ಅತಿಥಿಗೆ ದಾರಿ ತಪ್ಪಬಾರದೆಂದು. ಮುಕ್ತಕ್ಕ ಅವನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತಿದ್ದಳು.

"ಇದು ಸೊಟ್ಟಗಿದೆ. ಮತ್ತೆ ಎಳೆ" ಎನ್ನುತ್ತಿದ್ದಳು. "ಇಲ್ಲಿ ಮಧ್ಯದಲ್ಲಿ ತುಂಡಾಗಿದೆ. ಬಂದವರು ಅರ್ಧ ದಾರಿಯಲ್ಲಿ ನಿಂತು ಏನು ಮಾಡಬೇಕು? ಮತ್ತೆ ಎಳೆ."

ಅಲ್ಲಿ ಮಕ್ಕಳು ಬಹಳ ಕಡಿಮೆ. ಆ ಬಸವನಹುಳುಗಳು ಮೊಟ್ಟೆ ಇಡುತ್ತಿರಲಿಲ್ಲ. ಮೂರು ನಾಲ್ಕು ಮಳೆಗಾಲ ಕಳೆದ ಮೇಲೆ ಒಂದು ತಾಯಿಗೆ ಒಂದೇ ಮಗು ಹುಟ್ಟುತ್ತಿತ್ತು. ಮುಕ್ತಕ್ಕನ ಮಗಳು ಒಂದು ಬಿರುಗಾಳಿಯಲ್ಲಿ ಎಲೆಯ ಸಮೇತ ಹೊಳೆಗೆ ಬಿದ್ದು ಹೋಗಿದ್ದಳು. ಅವಳು ಬಿಟ್ಟುಹೋದ ಮಗು ಹನಿ. ಹನಿಯ ಚಿಪ್ಪು ಇನ್ನೂ ಎಷ್ಟು ತೆಳುವಾಗಿತ್ತು ಎಂದರೆ ಬಿಸಿಲಿಗೆ ಹಿಡಿದರೆ ಒಳಗಿನ ಉಸಿರು ಕಾಣುತ್ತಿತ್ತು.

ಮುಕ್ತಕ್ಕ ಹನಿಗೆ ನಡೆಯುವುದಕ್ಕೆ ಮೊದಲೇ ಮರ್ಯಾದೆ ಕಲಿಸಿದಳು.

"ಯಾರಾದರೂ ಚಿಪ್ಪು ತಟ್ಟಿದರೆ ಏನು ಮಾಡಬೇಕು?"

"ಕೊಂಬು ಹೊರಗೆ ತರಬೇಕು, ಅಜ್ಜಿ."

"ಒಂದೋ ಎರಡೋ?"

"ಎರಡೂ. ಆಮೇಲೆ ಬನ್ನಿ, ಒಳಗೆ ಬನ್ನಿ ಅನ್ನಬೇಕು."

"ಬಾಯೊಳಗೇ ಗುಣುಗಬಾರದು. ಮೇಲಿನ ಕೊಂಬೆಗೆ ಕೇಳುವ ಹಾಗೆ ಹೇಳಬೇಕು. ಇನ್ನೊಂದು ಸಲ."

"ಬನ್ನಿ! ಒಳಗೆ ಬನ್ನಿ!" ಎಂದು ಹನಿ ಕೂಗುತ್ತಿದ್ದಳು. ಮರವೆಲ್ಲ ನಗುತ್ತಿತ್ತು. ಮುಕ್ತಕ್ಕ ನಗುತ್ತಿರಲಿಲ್ಲ, ಆದರೆ ಅವಳ ಕೊಂಬು ಇನ್ನೂ ಸ್ವಲ್ಪ ನೆಟ್ಟಗಾಗುತ್ತಿತ್ತು.

ಒಂದು ವರ್ಷ ಹೊಳೆಗೆ ದೊಡ್ಡ ನೆರೆ ಬಂತು. ಕೆಂಪು ನೀರಿನಲ್ಲಿ ಒಂದು ಬಾಳೆಯ ದಿಂಡು ತೇಲಿ ಬಂದು ಕುದ್ರುವಿಗೆ ತಾಗಿತು. ದಿಂಡಿನ ಮೇಲೆ ಒಂದು ಬಸವನಹುಳು ಕೂತಿತ್ತು. ಅಂಥ ಬಸವನಹುಳುವನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಅದರ ಚಿಪ್ಪು ಮನುಷ್ಯರ ಮುಷ್ಟಿಯಷ್ಟಿತ್ತು.

"ಇವನು ಯಾರು?" ಎಂದು ಮರ ಹೊಳೆಯನ್ನು ಕೇಳಿತು.

"ನನಗೇನು ಗೊತ್ತು? ನಾನು ಹೊರುವವಳು, ವಿಚಾರಿಸುವವಳಲ್ಲ" ಎಂದಿತು ಹೊಳೆ.

ಮುಕ್ತಕ್ಕ ಎರಡೂ ಕೊಂಬು ಚಾಚಿ, "ಬನ್ನಿ, ಒಳಗೆ ಬನ್ನಿ" ಎಂದಳು.

"ಊಟ ಉಂಟಾ?" ಎಂದ ಅವನು.

ಮರದ ಬುಡದಲ್ಲಿ ಕೆಸರಿನ ಗೂಡು ಮಾಡಿಕೊಂಡಿದ್ದ ಏಡಿ ಕುಪ್ಪಣ್ಣ ಗಹಗಹಿಸಿ ನಕ್ಕ. "ಹೆಸರು ಹೇಳುವ ಮೊದಲೇ ಊಟ! ಹೊಟ್ಟೆ ನೋಡಿ ಮಾರಾಯ್ರೆ, ಗುಡಾಣದ ಹಾಗೆ ಉಂಟು." ಅಂದಿನಿಂದ ಅವನ ಹೆಸರು ಗುಡಾಣ ಎಂದೇ ಆಯಿತು.

ಗುಡಾಣ ತಿಂದ. ಪಾಚಿ ತಿಂದ. ಪಾಚಿ ಮುಗಿದ ಮೇಲೆ ಎಲೆ ತಿಂದ. ಎಲೆಯ ಜೊತೆಗೆ ಚಿಗುರು ತಿಂದ, ಮೊಗ್ಗು ತಿಂದ, ತೊಗಟೆ ತಿಂದ. ತಿನ್ನುವುದರ ನಡುವೆ ಮಣ್ಣು ಕೆದಕಿ ಮೊಟ್ಟೆ ಇಟ್ಟ; ಅವನ ಜಾತಿಯಲ್ಲಿ ಗಂಡೂ ಹೆಣ್ಣೂ ಒಬ್ಬರೇ. ಒಂದಲ್ಲ, ಎರಡಲ್ಲ, ಕುಪ್ಪಣ್ಣ ತನ್ನ ಗೂಡು ಅಗಲಮಾಡಲು ಹೋದರೆ ಎಲ್ಲಿ ಅಗೆದರೂ ಬಿಳಿ ಬಿಳಿ ಮೊಟ್ಟೆಗಳೇ. ಮೊಟ್ಟೆ ಒಡೆದು ಬಂದವರು ತಿಂದರು. ಅವರೂ ಮೊಟ್ಟೆ ಇಟ್ಟರು.

ಇನ್ನೊಂದು ಮಳೆಗಾಲ ಬರುವಷ್ಟರಲ್ಲಿ ಮರದಲ್ಲಿ ಎಲೆಗಿಂತ ಗುಡಾಣಗಳೇ ಹೆಚ್ಚಾದವು. ಎಲೆ ಉದುರಿದ ಹಾಗೆ ಎಲೆಯಡಿಯ ಮನೆಗಳೂ ಉದುರಿದವು. ಮಲಗಿದ್ದ ಮುದುಕರ ಚಿಪ್ಪನ್ನೇ ಗುಡಾಣಗಳು ಸುಣ್ಣಕ್ಕಾಗಿ ಕೆರೆದು ತಿಂದವು. ಮುಕ್ತಕ್ಕನ ತಂಗಿ ಕಸ್ತೂರಿಯ ಚಿಪ್ಪು ಹಾಗೆ ಒಂದು ಕಡೆ ತೂತಾಯಿತು.

"ಅಕ್ಕಾ, ಅವನಿಗೆ ಹೋಗು ಅನ್ನು" ಎಂದು ಕಸ್ತೂರಿ ಅತ್ತಳು. "ಮಳೆ ಬಂದರೆ ಬೆನ್ನಿನ ಮೇಲೆ ನೀರು ಸೋರುತ್ತದೆ."

"ಬಂದವರನ್ನು ಯಾವಾಗ ಹೋಗುತ್ತೀರಿ ಎಂದು ಕೇಳುವುದಿಲ್ಲ" ಎಂದಳು ಮುಕ್ತಕ್ಕ. "ನಮ್ಮ ಮರದಲ್ಲಿ ಆ ಪದ್ಧತಿ ಇಲ್ಲ."

ಆದರೆ ಹನಿಯ ಹಸಿದ ಮುಖ ನೋಡಿದಾಗ ಅವಳಿಗೂ ತಡೆಯಲಾಗಲಿಲ್ಲ. ನೆಕ್ಕಲು ಪಾಚಿ ಇಲ್ಲದೆ ಮಗುವಿನ ಚಿಪ್ಪು ಬೆಳೆಯುವುದೇ ನಿಂತಿತ್ತು. ಈ ಮರ ಸತ್ತರೆ ಕುದ್ರುವಿನಲ್ಲಿ ಹನಿಗೆ ಇನ್ನೊಂದು ಮರವಿಲ್ಲ. ಒಂದು ಬೆಳಿಗ್ಗೆ ಮುಕ್ತಕ್ಕ ಬೋಳು ಕೊಂಬೆಯ ತುದಿಗೆ ಹೋಗಿ ಗಾಳಿಯನ್ನು ಕರೆದಳು.

"ಗಾಳಿರಾಯ, ನೀನು ಎಲ್ಲ ಊರು ತಿರುಗಿದವನು. ಈ ಗುಡಾಣಗಳನ್ನು ತಿನ್ನುವವರು ಯಾರಾದರೂ ಇದ್ದಾರೆಯೇ?"

ಗಾಳಿ ಸ್ವಲ್ಪ ಯೋಚನೆ ಮಾಡಿತು. "ಸಮುದ್ರದ ಆಚೆ ದಡದಲ್ಲಿ ಒಬ್ಬರಿದ್ದಾರೆ. ಮೀಸೆರಾಯರು ಎನ್ನುತ್ತಾರೆ. ಅವರೂ ಬಸವನಹುಳುವೇ. ಆದರೆ ಎಲೆ ಮುಟ್ಟುವುದಿಲ್ಲ, ಪಾಚಿ ಮುಟ್ಟುವುದಿಲ್ಲ. ಬಸವನಹುಳುವನ್ನೇ ತಿನ್ನುತ್ತಾರೆ. ಬೇಕಾದರೆ ಕರೆದು ತರುತ್ತೇನೆ."

ಕೆಳಗಿನಿಂದ ಕುಪ್ಪಣ್ಣ ಕೂಗಿದ, "ಯಾವ ಬಸವನಹುಳುವನ್ನು ಅಂತ ಕೇಳಿದ್ದೀಯಾ?"

"ನಾನು ತರುವವನು, ಕೇಳುವವನಲ್ಲ" ಎಂದಿತು ಗಾಳಿ.

ಕುಪ್ಪಣ್ಣ ಅಡ್ಡಡ್ಡ ನಡೆದು ಕಾಂಡವನ್ನು ಹತ್ತಿ ಮೊದಲ ಕವಲಿನವರೆಗೆ ಬಂದ. ಅದಕ್ಕಿಂತ ಮೇಲೆ ಅವನಿಗೆ ಹತ್ತಲು ಬರುತ್ತಿರಲಿಲ್ಲ.

"ಮುಕ್ತಕ್ಕ, ನಾನು ಹೇಳುವುದು ಸ್ವಲ್ಪ ಕೇಳಿ. ಅವನು ಬರಲಿ, ಬೇಡ ಅನ್ನುವುದಿಲ್ಲ. ಆದರೆ ನೇರ ಮರಕ್ಕೆ ಬೇಡ. ಅಗೋ ಅಲ್ಲಿ ಮರಳುದಿಬ್ಬ ಉಂಟಲ್ಲ, ಅಲ್ಲಿ ಇಳಿಸುವ. ಸುತ್ತ ಉಪ್ಪುನೀರು, ಎಲ್ಲಿಗೂ ಹೋಗಲಾರ. ಒಂದು ಕಡೆ ಗುಡಾಣನ ಒಬ್ಬ ಮಗನನ್ನು ಇಡುವ. ಇನ್ನೊಂದು ಕಡೆ ಒಂದು ಖಾಲಿ ಚಿಪ್ಪಿಗೆ ನಿಮ್ಮ ಲೋಳೆ ಸವರಿ ಇಡುವ. ಅವನ ಮೂಗು ಯಾವ ಕಡೆ ಹೋಗುತ್ತದೆ ನೋಡುವ. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆವರೆಗೆ ನೋಡುವ."

ಮುಕ್ತಕ್ಕನಿಗೆ ಕೇಳಿಯೇ ಮೈ ಮುದುಡಿತು. "ಅತಿಥಿಯನ್ನು ಮರಳಿನ ಮೇಲೆ ಕೂರಿಸಿ ಪರೀಕ್ಷೆ ಮಾಡುವುದೇ? ಅವರು ಏನು ತಿನ್ನುತ್ತಾರೆ ಎಂದು ಮರೆಯಲ್ಲಿ ನಿಂತು ನೋಡುವುದೇ? ನಾವು ಕರೆದು, ನಾವೇ ಅನುಮಾನ ಪಡುವುದೇ?"

"ಅನುಮಾನ ಅಲ್ಲ ಮಾರಾಯ್ರೆ, ಎಚ್ಚರ."

"ಕುಪ್ಪಣ್ಣ, ನೀವು ಕೆಸರಿನಲ್ಲಿ ಬೆಳೆದವರು. ನಿಮಗೆ ಇದು ಅರ್ಥವಾಗುವುದಿಲ್ಲ."

"ಹೌದು, ಕೆಸರಿನಲ್ಲೇ ಬೆಳೆದದ್ದು" ಎಂದ ಕುಪ್ಪಣ್ಣ. "ಅಲ್ಲಿ ಯಾರು ಬಂದರೂ ಮೊದಲು ಬಾಯಿ ನೋಡುತ್ತೇವೆ, ಆಮೇಲೆ ಮುಖ."

"ನಮ್ಮ ಮರದಲ್ಲಿ ಆ ಪದ್ಧತಿ ಇಲ್ಲ" ಎಂದಳು ಮುಕ್ತಕ್ಕ. ಅಲ್ಲಿಗೆ ಆ ಮಾತು ಮುಗಿಯಿತು.

ಅವಳು ಎಲ್ಲರನ್ನೂ ಕರೆದು ಬೆಳ್ಳಿಗೆರೆ ಎಳೆಯಲು ಹೇಳಿದಳು. ಹೊಟ್ಟೆಗಿಲ್ಲದೆ ಬತ್ತಿಹೋಗಿದ್ದರೂ ಎಲ್ಲರೂ ಎಳೆದರು. ಉಳಿದಿದ್ದ ಪ್ರತಿ ಎಲೆಯಿಂದ ಕಾಂಡಕ್ಕೆ ಒಂದು ಗೆರೆ. ತೂತು ಚಿಪ್ಪಿನ ಕಸ್ತೂರಿಯೂ ಎಳೆದಳು. ಹನಿ ಕೂಡ ತನ್ನ ಪುಟ್ಟ ಗೆರೆ ಎಳೆದಳು, ದಾರದ ಎಳೆಯಷ್ಟು ಸಣ್ಣದು. ಮುಕ್ತಕ್ಕ ಎಲ್ಲವನ್ನೂ ನೋಡಿದಳು. ಅಂದು ಒಂದು ಗೆರೆಯೂ ಸೊಟ್ಟಗಿರಲಿಲ್ಲ, ಒಂದೂ ಮಧ್ಯದಲ್ಲಿ ತುಂಡಾಗಿರಲಿಲ್ಲ.

ಮಾರನೆಯ ದಿನ ಗಾಳಿ ಮೀಸೆರಾಯರನ್ನು ಒಂದು ಒಣಗಿದ ಎಲೆಯ ಮೇಲೆ ಕೂರಿಸಿಕೊಂಡು ಬಂತು.

ಎಂಥ ಗಾಂಭೀರ್ಯ ಅವರದು! ನೀಳವಾದ ಚಿಪ್ಪು, ನಸುಗೆಂಪು ಬಣ್ಣ, ಉದ್ದನೆಯ ಕೊರಳು. ಬಾಯಿಯ ಎರಡು ಕಡೆ ಮೀಸೆಯ ಹಾಗೆ ಇಳಿಬಿದ್ದ ತುಟಿಗಳು. ಅವರು ಕಾಂಡದ ಬುಡದಲ್ಲಿ ನಿಂತು, ತಲೆ ಬಾಗಿಸಿ, ಆ ಮೀಸೆಯಿಂದ ಬೆಳ್ಳಿಗೆರೆಗಳನ್ನು ಒಂದೊಂದಾಗಿ ಸವರಿದರು.

"ಎಷ್ಟು ಅಚ್ಚುಕಟ್ಟು!" ಎಂದರು. "ನಾನು ಎಷ್ಟೋ ಕಡೆ ಹೋಗಿದ್ದೇನೆ, ಅಮ್ಮ. ಇಂಥ ಸ್ವಾಗತವನ್ನು ಎಲ್ಲಿಯೂ ಕಂಡಿಲ್ಲ. ಈ ಗೆರೆ ಯಾರ ಮನೆಯದು?"

"ನನ್ನ ತಂಗಿ ಕಸ್ತೂರಿಯದು."

"ಇದು? ಬಹಳ ಸಣ್ಣಗಿದೆ. ಬಹಳ ಎಳೆಯದಾಗಿದೆ."

"ನನ್ನ ಮೊಮ್ಮಗಳು ಹನಿಯದು" ಎಂದಳು ಮುಕ್ತಕ್ಕ ಹೆಮ್ಮೆಯಿಂದ. "ಸಂಕೋಚ ಮಾಡಿಕೊಳ್ಳಬೇಡಿ. ಎಲ್ಲ ಮನೆಯೂ ನಿಮ್ಮದೇ ಎಂದು ತಿಳಿಯಿರಿ."

ಹನಿ ಕೊಂಬು ಚಾಚಿ ಕೇಳಿದಳು, "ಮಾವ, ನೀವು ಏನು ತಿನ್ನುತ್ತೀರಿ?"

"ಹನೀ!" ಎಂದು ಮುಕ್ತಕ್ಕ ಗದರಿದಳು. "ಬಂದವರನ್ನು ಹಾಗೆ ಕೇಳುತ್ತಾರೆಯೇ? ಕ್ಷಮಿಸಿ ರಾಯರೇ, ಮಗು."

"ಪರವಾಗಿಲ್ಲ" ಎಂದರು ಮೀಸೆರಾಯರು. "ನನ್ನ ಊಟ ಬಹಳ ಸರಳ, ಮಗೂ."

ಅಂದು ಮಧ್ಯಾಹ್ನ ಅವರು ಗುಡಾಣನ ಚಿಕ್ಕ ಮಗನೊಬ್ಬನನ್ನು ಎಲ್ಲರ ಎದುರಿಗೇ ತಿಂದು ತೋರಿಸಿದರು. ಸದ್ದಿಲ್ಲ, ಚೆಲ್ಲಾಪಿಲ್ಲಿ ಇಲ್ಲ. ಚಿಪ್ಪು ಮಾತ್ರ ಉಳಿಯಿತು, ಒಳಗೆ ತೊಳೆದ ಹಾಗಿತ್ತು. ಮರದ ತುಂಬ ಸಂಭ್ರಮ. ಮುಕ್ತಕ್ಕ ಕೆಳಗೆ ಇಣುಕಿ, "ನೋಡಿದಿರಾ ಕುಪ್ಪಣ್ಣ?" ಎಂದಳು. ಕುಪ್ಪಣ್ಣ ಮೀಸೆರಾಯರ ಬಾಯಿಯನ್ನೇ ನೋಡುತ್ತಿದ್ದ.

ಎರಡನೆಯ ದಿನ ರಾಯರು ಒಬ್ಬ ದೊಡ್ಡ ಗುಡಾಣನ ಹತ್ತಿರ ಹೋದರು. ಅವನ ಚಿಪ್ಪು ಕಲ್ಲಿನಂತಿತ್ತು. ಅವನು ಒಮ್ಮೆ ಮೈ ಕೊಡವಿದ. ರಾಯರು ಕೊಂಬೆಯಿಂದ ಕೆಳಗೆ ಬಿದ್ದರು. ಅವರು ಎದ್ದು, ಮೀಸೆ ಒರೆಸಿಕೊಂಡು, ಬೆಳ್ಳಿಗೆರೆಗಳ ಹತ್ತಿರ ಬಂದು ನಿಂತರು.

ಮೂರನೆಯ ದಿನ ಕಸ್ತೂರಿ ತನ್ನ ಎಲೆಯಲ್ಲಿ ಕಾಣಲಿಲ್ಲ. ಚಿಪ್ಪು ಅಲ್ಲೇ ಇತ್ತು. ಮುಕ್ತಕ್ಕ ಅದನ್ನು ತಟ್ಟಿದಳು. "ಕಸ್ತೂರೀ, ಹೊತ್ತು ಎಷ್ಟಾಯಿತು, ಇನ್ನೂ ಮಲಗಿದ್ದೀಯಾ?" ಎಂದಳು. ಒಳಗಿನಿಂದ ಯಾರೂ ಬನ್ನಿ ಎನ್ನಲಿಲ್ಲ. ಬಗ್ಗಿ ನೋಡಿದರೆ ಚಿಪ್ಪು ತೊಳೆದ ಹಾಗಿತ್ತು.

ನಾಲ್ಕನೆಯ ದಿನ ಏಳು ಎಲೆಗಳಲ್ಲಿ ಏಳು ಖಾಲಿ ಚಿಪ್ಪು. ಐದನೆಯ ದಿನದ ಬೆಳಿಗ್ಗೆ ಹದಿನಾಲ್ಕು. ಮೇಲಿನ ಕೊಂಬೆಯಲ್ಲಿ ಗುಡಾಣಗಳು ಕರಕರ ಎಂದು ಎಲೆ ಜಗಿಯುತ್ತಲೇ ಇದ್ದವು.

ಮುಕ್ತಕ್ಕ ಮೀಸೆರಾಯರ ಎದುರು ಹೋಗಿ ನಿಂತಳು. ಆಗಲೂ ಅವಳು ನೀವು ಎಂದೇ ಮಾತಾಡಿದಳು.

"ರಾಯರೇ, ನಿಮ್ಮನ್ನು ಕರೆದದ್ದು ಅವರನ್ನು ತಿನ್ನಲು. ನಮ್ಮನ್ನಲ್ಲ."

ಮೀಸೆರಾಯರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅಮ್ಮ, ಬಸವನಹುಳು ತಿನ್ನುವವರು ಬೇಕು ಎಂದು ಹೇಳಿಕಳಿಸಿದಿರಿ. ಬಂದೆ. ಯಾರನ್ನು ತಿನ್ನಬಾರದು ಎಂದು ಯಾರೂ ಹೇಳಲಿಲ್ಲ. ಅವರ ಚಿಪ್ಪು ಗಟ್ಟಿ, ನಿಮ್ಮದು ಮೆತ್ತಗೆ. ಅವರು ಗೆರೆ ಎಳೆದಿಡುವುದಿಲ್ಲ, ನೀವು ಎಳೆದಿಟ್ಟಿದ್ದೀರಿ. ನಾನು ಗೆರೆ ಇಲ್ಲದ ಒಂದು ಮನೆಗೂ ಹೋಗಿಲ್ಲ. ಎಲ್ಲ ಮನೆಯೂ ನಿಮ್ಮದೇ ಎಂದವರು ನೀವು."

ಆ ಮಾತನ್ನು ಮುಕ್ತಕ್ಕನೇ ಹೇಳಿದ್ದಳು.

ಉಳಿದವರು ಓಡಿದರು. ಬಸವನಹುಳು ಓಡಿದರೆ ಎಷ್ಟು ದೂರ ಓಡೀತು? ಅವರು ಎಡಕ್ಕೆ ಹೋದರೆ ಗೆರೆ ಎಡಕ್ಕೆ ಹೋಯಿತು. ಬಲಕ್ಕೆ ಹೋದರೆ ಬಲಕ್ಕೆ ಹೋಯಿತು. ಎಲ್ಲಿ ಬಚ್ಚಿಟ್ಟುಕೊಂಡರೂ ಬೆನ್ನ ಹಿಂದೆ ಒಂದು ಬೆಳ್ಳಿಯ ಗೆರೆ ಇಲ್ಲಿದ್ದಾರೆ, ಇಲ್ಲಿದ್ದಾರೆ ಎಂದು ತೋರಿಸುತ್ತಿತ್ತು. ಅಳಿಸಲು ಹೋದವರು ಅಳಿಸುತ್ತಲೇ ಇನ್ನೊಂದು ಗೆರೆ ಎಳೆದರು.

"ಕುಪ್ಪಣ್ಣ!" ಎಂದು ಮುಕ್ತಕ್ಕ ಕೂಗಿದಳು. ಅಷ್ಟು ಜೋರಾಗಿ ಅವಳು ಜನ್ಮದಲ್ಲಿ ಕೂಗಿರಲಿಲ್ಲ. "ಕುಪ್ಪಣ್ಣ, ನೀವು ನಡೆದರೆ ಗೆರೆ ಬೀಳುವುದಿಲ್ಲ. ನನ್ನ ಮಗುವನ್ನು ಎತ್ತಿಕೊಂಡು ಹೋಗಿ."

ನಾನು ಆಗಲೇ ಹೇಳಿದ್ದೆನಲ್ಲ ಎಂದು ಕುಪ್ಪಣ್ಣ ಅನ್ನಬಹುದಾಗಿತ್ತು. ಅನ್ನಲಿಲ್ಲ. "ಹೊಳೆಯ ಆಚೆ ದಡದಲ್ಲಿ ಒಂದು ಹೊಂಗೆಮರ ಉಂಟು. ನಾನು ಹೋಗಿ ಒಂದು ಪೊಟರೆ ನೋಡಿ ಬರುತ್ತೇನೆ. ಮಧ್ಯಾಹ್ನ ಉಬ್ಬರ ಬರುತ್ತದೆ, ನೀರು ಮರದ ಬುಡಕ್ಕೆ ಏರುತ್ತದೆ. ಆ ನೀರಿನಲ್ಲೇ ಮಗುವನ್ನು ದಾಟಿಸುವ. ಮೊದಲ ಕವಲಿಗೆ ತಂದಿಡಿ. ಅಲ್ಲಿವರೆಗೆ ನಾನು ಹತ್ತಬಲ್ಲೆ" ಎಂದು ಹೇಳಿ ನೀರಿಗೆ ಇಳಿದ.

ಮುಕ್ತಕ್ಕ ಹನಿಯನ್ನು ತನ್ನ ಬೆನ್ನ ಮೇಲೆ ಹತ್ತಿಸಿಕೊಂಡಳು. ಈಗ ಬಿದ್ದದ್ದು ಒಂದೇ ಗೆರೆ, ಮುಕ್ತಕ್ಕನದು. ಮೊದಲ ಕವಲಿನಲ್ಲಿ ತೊಗಟೆ ಎದ್ದು ಒಂದು ಸಣ್ಣ ಮರೆ ಆಗಿತ್ತು. ಹನಿಯನ್ನು ಅಲ್ಲಿ ಇಳಿಸಿದಳು.

"ಚಿಪ್ಪಿನೊಳಗೆ ಹೋಗು. ಒಂದು ಹೆಜ್ಜೆಯೂ ಇಡಬಾರದು. ಗೆರೆ ಬೀಳಬಾರದು."

"ನೀನು ಎಲ್ಲಿಗೆ ಹೋಗುತ್ತೀ, ಅಜ್ಜಿ?"

"ಮೇಲೆ. ನನ್ನ ಗೆರೆ ಹಿಡಿದು ಅವರು ಮೇಲೆ ಬರಲಿ. ನಿನ್ನನ್ನು ಕುಪ್ಪಜ್ಜ ಬಂದು ಕರೆದುಕೊಂಡು ಹೋಗುತ್ತಾನೆ. ಗೊತ್ತಾಯಿತೇ?"

"ಗೊತ್ತಾಯಿತು. ಒಂದು ಹೆಜ್ಜೆಯೂ ಇಡುವುದಿಲ್ಲ."

"ಜಾಣೆ."

ಮುಕ್ತಕ್ಕ ಮೇಲೆ ಹೋದಳು. ಬೇಕೆಂದೇ ದಪ್ಪ ಗೆರೆ ಎಳೆಯುತ್ತಾ, ಗುಡಾಣಗಳು ಬೋಳಿಸಿದ ಕೊಂಬೆಯ ತುದಿಯವರೆಗೆ ಹೋಗಿ ಕೂತಳು. ಹೊಳೆಯಲ್ಲಿ ಉಬ್ಬರದ ನೀರು ಏರತೊಡಗಿತ್ತು. ದೂರದಲ್ಲಿ ಒಂದು ಕಪ್ಪು ಚುಕ್ಕೆ ಈಜಿ ಬರುತ್ತಿತ್ತು. ಕುಪ್ಪಣ್ಣ.

ಕೆಳಗೆ ಮೀಸೆರಾಯರು ಅವಳ ಗೆರೆಯನ್ನು ಸವರುತ್ತಾ ಕವಲಿನ ಹತ್ತಿರ ಬಂದರು. ಗೆರೆ ಮೇಲೆ ಹೋಗಿತ್ತು. ಅವರೂ ಮೇಲೆ ಹೊರಟರು. ಒಂದು ಹೆಜ್ಜೆ ಇಟ್ಟರು. ಆಮೇಲೆ ತೊಗಟೆಯ ಮರೆಯಲ್ಲಿ ಒಂದು ಪುಟ್ಟ ಚಿಪ್ಪು ಕಂಡು ನಿಂತರು. ಮರದ ತುಂಬ ಅವರೇ ಖಾಲಿ ಮಾಡಿದ ಚಿಪ್ಪುಗಳಿದ್ದವು. ಇದೂ ಅಂಥದ್ದೇ ಇರಬೇಕು ಎಂದುಕೊಂಡರು. ಹತ್ತಿರ ಗೆರೆಯೂ ಇರಲಿಲ್ಲ. ಆದರೂ ಒಮ್ಮೆ ಮೀಸೆಯ ತುದಿಯಿಂದ ಮೆಲ್ಲಗೆ ತಟ್ಟಿ ನೋಡಿದರು.

ಹೆಜ್ಜೆ ಇಡಬಾರದು ಎಂದು ಮುಕ್ತಕ್ಕ ಹೇಳಿದ್ದಳು. ಗೆರೆ ಬೀಳಬಾರದು ಎಂದು ಹೇಳಿದ್ದಳು. ಯಾರಾದರೂ ತಟ್ಟಿದರೆ ಉತ್ತರ ಕೊಡಬಾರದು ಎಂದು ಹೇಳಿರಲಿಲ್ಲ. ಅಂಥ ಮಾತು ಅವಳಿಗೆ ತೋಚಿಯೇ ಇರಲಿಲ್ಲ.

ಪುಟ್ಟ ಚಿಪ್ಪಿನಿಂದ ಎರಡು ಕೊಂಬು ಹೊರಗೆ ಬಂದವು. ಒಂದಲ್ಲ, ಎರಡೂ.

"ಬನ್ನಿ! ಒಳಗೆ ಬನ್ನಿ!" ಎಂದಳು ಹನಿ, ಮೇಲಿನ ಕೊಂಬೆಗೆ ಕೇಳುವ ಹಾಗೆ.

ಮೇಲಿನ ಕೊಂಬೆಗೆ ಕೇಳಿಸಿತು.

ಮುಕ್ತಕ್ಕ ತಿರುಗಿ ಕೆಳಗೆ ಹೊರಟಳು. ಹೊರಟಳು ಎಂದು ಹೇಳುವುದು ಸುಲಭ. ಕೊಂಬೆಯ ತುದಿಯಿಂದ ಕವಲಿಗೆ ನೀನು ಕೈ ಚಾಚಿದರೆ ಸಿಗುವಷ್ಟು ದೂರ; ಬಸವನಹುಳುವಿಗೆ ಅದು ಅರ್ಧ ಮಧ್ಯಾಹ್ನದ ದಾರಿ. ಅವಳು ಆ ದಾರಿಯನ್ನೆಲ್ಲ ನಡೆದಳು. ಒಂದು ಸಲವೂ ನಿಲ್ಲಲಿಲ್ಲ. ಅವಳು ಬರುವಷ್ಟರಲ್ಲಿ ಕುಪ್ಪಣ್ಣ ಕವಲಿಗೆ ಬಂದಿದ್ದ. ಅವನ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೊಂಡಿಗಳ ನಡುವೆ ಹನಿಯ ಚಿಪ್ಪನ್ನು ಹಿಡಿದುಕೊಂಡಿದ್ದ. ಬಿಸಿಲು ಅದರ ಮೂಲಕ ಹಾದು ಬರುತ್ತಿತ್ತು. ಒಳಗೆ ಉಸಿರು ಇರಲಿಲ್ಲ.

"ಪೊಟರೆ ಸಿಕ್ಕಿತ್ತು ಮುಕ್ತಕ್ಕ" ಎಂದ ಕುಪ್ಪಣ್ಣ. "ಒಳ್ಳೆಯ ಪೊಟರೆ."

ಸ್ವಲ್ಪ ದೂರದಲ್ಲಿ ಮೀಸೆರಾಯರು ಬಿಸಿಲಿಗೆ ಕೂತಿದ್ದರು. ಮುಕ್ತಕ್ಕ ಅವರ ಹತ್ತಿರ ಹೋಗಿ, "ನನ್ನನ್ನೂ ತಿನ್ನಿ" ಎಂದಳು.

"ಇವತ್ತಿಗೆ ಸಾಕು, ಅಮ್ಮ" ಎಂದರು ಅವರು. "ಹೊಟ್ಟೆ ತುಂಬಿದೆ. ಮಗುವನ್ನು ಬಹಳ ಚೆನ್ನಾಗಿ ಬೆಳೆಸಿದ್ದೀರಿ."

ಆರನೆಯ ದಿನ ಮುಕ್ತಕ್ಕ ಎಲ್ಲಿಗೂ ಓಡಲಿಲ್ಲ. ಅದೇ ಕವಲಿನಲ್ಲಿ ಕೂತಿದ್ದಳು. ಮಧ್ಯಾಹ್ನ ಯಾರೋ ಅವಳ ಕೊಂಬಿನ ತುದಿಯನ್ನು ಸೋಕಿದರು. ಯಾರೆಂದು ಅವಳಿಗೆ ಗೊತ್ತಿತ್ತು. ಅಲ್ಲಿಯವರೆಗೆ ಆ ಮರದಲ್ಲಿ ಯಾರೂ ಮಾಡದ ಒಂದು ಕೆಲಸ ಅಂದು ನಡೆಯಿತು. ಬಂದವರ ಮುಖ ನೋಡಲಾರದೆ ಅವಳ ಕೊಂಬುಗಳು ತಾವಾಗಿಯೇ ಮಡಚಿಕೊಂಡು, ಕಣ್ಣಿನ ಸಮೇತ, ಒಳಗೆ ಹೋದವು. ಚಿಪ್ಪು ಮೂರು ಸಲ ತಟ್ಟಿದ ಸದ್ದಾಯಿತು. ಅವಳು ಬನ್ನಿ ಎನ್ನಲಿಲ್ಲ.

"ಹೊಸ ಗೆರೆ ಇಲ್ಲ, ಕರೆಯುವವರೂ ಇಲ್ಲ. ಓ, ಇದನ್ನು ಮುಗಿಸಿಯಾಗಿದೆ" ಎಂದು ಮೀಸೆರಾಯರು ತಮಗೆ ತಾವೇ ಹೇಳಿಕೊಂಡು ಮುಂದೆ ಹೋದರು.

ಇಷ್ಟೇ ಸಾಕಾಗಿತ್ತು. ಮಗು ಸುಮ್ಮನಿದ್ದಿದ್ದರೆ ಸಾಕಾಗಿತ್ತು. ಕತ್ತಲೆಯ ಚಿಪ್ಪಿನೊಳಗೆ ಮುಕ್ತಕ್ಕನಿಗೆ ಅದು ತಿಳಿಯಿತು, ಒಂದು ದಿನ ತಡವಾಗಿ.

ಕೆಲವು ದಿನಗಳ ಮೇಲೆ ಗಾಳಿ ಮೀಸೆರಾಯರನ್ನು ಎತ್ತಿಕೊಂಡು ಹೊಳೆಯ ಆಚೆ ದಡಕ್ಕೆ ಹೋಯಿತು. ಅಲ್ಲಿಯೂ ಮರಗಳಿದ್ದವು, ಮರಗಳಲ್ಲಿ ಮನೆಗಳಿದ್ದವು. ಸುರಹೊನ್ನೆಯಲ್ಲಿ ಉಳಿದವರು ಮುಕ್ತಕ್ಕನೂ ಸೇರಿ ಮೂವರು. ಉಳಿದ ಎಲೆಗಳ ಮೇಲೆ ಪಾಚಿ ಕಪ್ಪಾಗಿ ಕಟ್ಟಿತು. "ಮೈ ತುರಿಸುತ್ತಿದೆ, ಎಲ್ಲರೂ ಎಲ್ಲಿ ಹೋದಿರಿ?" ಎಂದು ಮರ ಕೇಳುತ್ತಲೇ ಇತ್ತು.

ಗುಡಾಣ ಬಾಯಲ್ಲಿ ಒಂದು ಚಿಗುರು ತುಂಬಿಕೊಂಡು, "ಹೌದಲ್ಲ, ನಿಮ್ಮವರು ಯಾರೂ ಕಾಣುವುದಿಲ್ಲ" ಎಂದ. ಮಕ್ಕಳನ್ನು ಕರೆದುಕೊಂಡು ಇನ್ನೂ ಮೇಲಿನ ಕೊಂಬೆಗೆ ಹೋದ.

ಉಳಿದ ಇಬ್ಬರಲ್ಲಿ ಒಬ್ಬಳಿಗೆ ನಾಲ್ಕು ಮಳೆಗಾಲದ ಮೇಲೆ ಒಂದು ಮಗು ಹುಟ್ಟಿತು. ಅದನ್ನು ಮುಕ್ತಕ್ಕನ ಹತ್ತಿರ ಪಾಠಕ್ಕೆ ತಂದು ಬಿಟ್ಟರು. ಮುಕ್ತಕ್ಕ ಮಗುವಿನ ಕೊಂಬನ್ನು ಮೆಲ್ಲಗೆ ಮುಟ್ಟಿದಳು. ಮಗು ಕೊಂಬು ಚಾಚಿಕೊಂಡೇ ಇತ್ತು.

"ಹಾಗಲ್ಲ" ಎಂದಳು. "ಒಳಗೆ. ಎರಡೂ. ಇನ್ನೊಂದು ಸಲ."

ಅದಕ್ಕೇ ಇಂದಿಗೂ, ಮಳೆ ಬಿಟ್ಟ ಬೆಳಿಗ್ಗೆ ಬೇಲಿಯ ಮೇಲೆ ಕೂತ ಒಂಟಿ ಬಸವನಹುಳುವಿನ ಕೊಂಬನ್ನು ನೀನು ಎಷ್ಟೇ ಮೃದುವಾಗಿ, ಎಷ್ಟೇ ಪ್ರೀತಿಯಿಂದ ಮುಟ್ಟಿದರೂ ಅದು ತಟ್ಟನೆ ಒಳಗೆ ಹೋಗಿಬಿಡುತ್ತದೆ, ನೀನು ಎಷ್ಟು ಹೊತ್ತು ಕಾದು ನಿಂತರೂ ಬನ್ನಿ ಎನ್ನುವುದಿಲ್ಲ.